ಮೂರನೆಯ ಸೀಟಿ

ದೂಧಸಾಗರದ ಹತ್ತಿರ ಒಂದು ಸುರಂಗದ ಕತ್ತಲಲ್ಲಿ
ಬಾಯಿ ಜಾರಿ ಅಂದುಬಿಟ್ಟೆ:
‘ಗೋವಾದಾಗ ನಾಕು ದಿನ ಅಡಿಗಿ ನಂದು.’
ಬೆಳಕು ಬಂದಾಗ ಇಂದುಮತಿ
ಇನ್ನೂ ನನ್ನನ್ನೇ ನೋಡುತ್ತಿದ್ದಳು.
ಎದುರು ಸೀಟಿನ ಮುದುಕನೂ ನೋಡುತ್ತಿದ್ದ,
ಸಾಕ್ಷಿ ಹಾಕಿದವನಂತೆ.

ಹುಬ್ಬಳ್ಳಿಯಿಂದ ಹೊತ್ತು ತಂದದ್ದು:
ಮೂರು ಲೀಟರಿನ ಕುಕ್ಕರು, ಅದರ ಹೊಟ್ಟೆಯೊಳಗೆ ತೊಗರಿಬೇಳೆ,
ಬೇಳೆಯಲ್ಲಿ ಕುತ್ತಿಗೆತನಕ ಹೂತ ತುಪ್ಪದ ಗಾಜಿನ ಶೀಶೆ,
ಹಳೆ ಸೀರೆಯ ತುಂಡಿನಲ್ಲಿ ಹನ್ನೆರಡು ಕಟಕ ರೊಟ್ಟಿ
(ಮಡಗಾಂವ್‌ನಲ್ಲಿ ಇಳಿದಾಗ ಇಪ್ಪತ್ತೇಳು ಚೂರು),
ಗುರೆಳ್ಳು ಚಟ್ನಿ, ಮಗಳ ಹಾಸ್ಟೆಲ್ಲಿನ ಇಂಡಕ್ಷನ್ ಒಲೆ.
ಹೋಟೆಲಿನ ಬಾಣಲೆಯನ್ನು ನಂಬುವವಳಲ್ಲ ಅವಳು.
‘ಅದು ಮುಂಜಾನೆ ಏನು ಹುರಿದೈತೋ, ನಮಗ್ ಹೇಳತೈತೇನು?’

ಬೆನೌಲಿಂನ ಬಾಡಿಗೆ ಕೋಣೆ. ಮಾಲಕಿ ಎಸ್ಪೆರಾನ್ಸಾ ಬಾಯಿ
ಕೀಲಿ ಕೊಡುವ ಮೊದಲೇ ಹೇಳಿದಳು:
ಎಸಿ ಹಾಕಿ, ಇಲ್ಲವೇ ಒಲೆ ಹಾಕಿ. ಎರಡೂ ಹಾಕಿದರೆ
ಮನೆಯೆಲ್ಲ ಕತ್ತಲೆ, ಫ್ರಿಜ್ಜಿನ ಬಂಗಡೆಗೆ ನೀವೇ ಜವಾಬ್ದಾರಿ.
ಒಂದು ಜೀವವನ್ನೂ ಮುಟ್ಟದ ನನ್ನ ಹೆಗಲಿಗೆ
ಎರಡು ಕಿಲೋ ಮೀನು ಬಿತ್ತು.

ಪೇಟೆಯಲ್ಲಿ ಸೊಪ್ಪಿನವಳು ಕೊಂಕಣಿಯಲ್ಲಿ ಬೆಲೆ ಹೇಳಿ
ನನ್ನ ಮುಖ ನೋಡಿ ‘ಯಾವೂರ್ರೀ? ನಮ್ದು ಮುದ್ದೇಬಿಹಾಳ’ ಅಂದಳು.
ಕೆಂಪು ರಾಜಗಿರಿ ಒಂದು ಕಟ್ಟು, ಹಸಿಮೆಣಸು ನಾಲ್ಕು ಪುಕ್ಕಟೆ.
ಪಲ್ಯ ಮಾಡುವುದು ಹೇಗೆಂದು ಅವಳು ಹೇಳಲಿಲ್ಲ.
ಗಂಡಸಿಗೆ ಅದು ಬೇಕಾದೀತೆಂದು ಹೊಳೆಯಲಿಲ್ಲ ಅವಳಿಗೆ,
ಕೇಳಬೇಕೆಂದು ನನಗೆ.

ಇಂದುಮತಿ ಚಪ್ಪಲಿ ಮೆಟ್ಟಿ, ಕೊಡೆ ಹಿಡಿದು
ಸಮುದ್ರಕ್ಕೆ ಹೋದಳು.
ಬಾಗಿಲಲ್ಲಿ ಒಮ್ಮೆ ನಿಂತಳು. ಏನೂ ಹೇಳದೆ ಹೋದಳು.

ಮೂವತ್ತೊಂದು ವರ್ಷ ಡಿಪೋದಲ್ಲಿ ವೇಳೆ ಬರೆದವನು ನಾನು,
ಬಸ್ಸು ಬಂದ ನಿಮಿಷ, ಬಿಟ್ಟ ನಿಮಿಷ.
ಈಗಲೂ ಬರೆದೆ, ಬಿಸ್ಕೀಟಿನ ಕಾಗದದ ಹಿಂದೆ:
ಬೇಳೆ ಇಟ್ಟದ್ದು ೧೧-೦೫. ಮೊದಲ ಸೀಟಿ ೧೧-೧೭.
ಒಂದು ಸೀಟಿಗೆ ನಿಲ್ಲಬೇಕು, ಎರಡಕ್ಕೆ ಹೊರಡಬೇಕು.
ಎರಡನೆಯದಕ್ಕೆ ಎದ್ದೇಬಿಟ್ಟೆ,
ಎಲ್ಲಿಗೆ ಅಂತ ತಿಳಿಯಲಿಲ್ಲ.
ಆಮೇಲೆ ಮೂರನೆಯದು ಕೂಗಿತು.
ನಮ್ಮ ಇಲಾಖೆಯಲ್ಲಿ ಅದಕ್ಕೆ ಅರ್ಥವೇ ಇಲ್ಲ.

ಫೋನು ಬಂತು. ‘ಎಷ್ಟಾದುವು?’
‘ಮೂರು.’
‘ಬಂದ್ ಮಾಡ್ರಿ. ಎಣ್ಣಿ ಕಾಯ್ತೇನು? ಸಾಸಿವಿ ಹಾಕ್ರಿ.
ಫೋನು ಹತ್ರ ಹಿಡೀರಿ, ಕೇಳ್ತೀನಿ.’
ಹಿಡಿದೆ. ಚಟ್, ಚಟಚಟ, ಒಂದು ಹಾರಿ ಮಣಿಕಟ್ಟು ಸುಟ್ಟಿತು.
‘ಈಗ ಸೊಪ್ಪು,’ ಅಂದಳು. ಸುಂಯ್ ಎಂದಿತು ಬಾಣಲೆ.
‘ಇದೂ ಹಂಗ ಐತಿ, ಕೇಳ್ರಿ,’ ಎಂದು
ಅವಳು ಫೋನನ್ನು ಅಲೆಯ ಕಡೆ ತಿರುಗಿಸಿದಳು.
ಎಷ್ಟು ಹೊತ್ತು ಕೇಳಿದೆನೋ,
ಕಾಗದದಲ್ಲಿ ಅದರ ವೇಳೆ ಇಲ್ಲ.
ಸೊಪ್ಪು ತಳ ಹಿಡಿದಿತ್ತು.

ಒಂದೂವರೆಗೆ ಬಂದಳು, ಸೀರೆಯಂಚು ಒದ್ದೆ,
ಹಿಮ್ಮಡಿಗೆ ಮರಳು. ಕೂತಳು. ಬಡಿಸಿದೆ.
ಮೊದಲ ತುತ್ತು, ಎರಡನೆಯದು, ಏನೂ ಅನ್ನಲಿಲ್ಲ.
ಬೇಳೆಗೆ ಉಪ್ಪೇ ಇಲ್ಲವೆಂದು
ನಾನು ಉಣ್ಣಲು ಕೂತಾಗ ತಿಳಿಯಿತು.
ಅಷ್ಟರಲ್ಲಿ ಅವಳು ಉಪ್ಪಿನಕಾಯಿ ಕಲಸಿಕೊಂಡು
ತಟ್ಟೆ ಬರಿದು ಮಾಡಿದ್ದಳು.
ಮದುವೆಯಾದ ವರ್ಷ, ಇಷ್ಟೇ ಕಾರಣಕ್ಕೆ,
ನಾನು ದೂಡಿದ ತಟ್ಟೆ ಗೋಡೆತನಕ ಸರಿದಿತ್ತು.
ಅವಳಿಗೆ ನೆನಪಿದೆಯೇ? ಕೇಳಲಿಲ್ಲ.

ಪಾತ್ರೆ ತಿಕ್ಕುತ್ತಿದ್ದೆ. ಪೋಯಿ ಮಾರುವವನ ಸೈಕಲ್ಲು
ಪೋಂ ಪೋಂ ಎನ್ನುತ್ತ ಸಂಜೆಯ ಸುತ್ತಿಗೆ ಬಂದಿತ್ತು.
ಮಂಚದ ಮೇಲೆ ಕಾಲು ಚಾಚಿ, ಎಸಿಯ ಗಾಳಿಗೆ ಕಣ್ಣು ಮುಚ್ಚಿ,
ನಾನು ದಿನವೂ ಬೂಟಿನ ದಾರ ಕಟ್ಟುತ್ತ
ತಲೆಯೆತ್ತದೆ ಕೇಳುತ್ತಿದ್ದೆನಲ್ಲ,
ಅದೇ ದನಿಯಲ್ಲಿ ಕೇಳಿದಳು:
‘ನಾಳೆ ಏನ್ ಮಾಡ್ತೀರಿ?’